ಹಂಜಮಾನದಿಂದ ಪುರಸಭೆಯವರೆಗೆ: ಸಣ್ಣ ಊರುಗಳಿಗೆ ಸರಕಾರ ಇಟ್ಟ ಹೆಸರುಗಳು



ಮನೆಯ ಕಪಾಟಿನಲ್ಲಿ ಹಳೆಯ ಕಾಗದಪತ್ರಗಳ ಕಟ್ಟೊಂದು ಇರುತ್ತದಲ್ಲವೇ? ಅದರಲ್ಲಿ 2011ರ ಸುಮಾರಿನ ಮನೆ ತೆರಿಗೆಯ ರಸೀದಿಯನ್ನು ಹುಡುಕಿ ತೆಗೆಯಿರಿ. ನೀವು ಭಟ್ಕಳ ಅಥವಾ ಕುಮಟಾ ಪೇಟೆಯವರಾದರೆ ಮೇಲ್ಭಾಗದಲ್ಲಿ ‘ಪುರಸಭೆ’ ಎಂದು ಅಚ್ಚಾಗಿರುತ್ತದೆ. ಹೊನ್ನಾವರದವರಾದರೆ ‘ಪಟ್ಟಣ ಪಂಚಾಯತ್’. ಶಿರಾಲಿಯವರಾದರೆ, ಗೋಕರ್ಣದವರಾದರೆ ‘ಗ್ರಾಮ ಪಂಚಾಯತ್’. ಜಾಲಿಯವರ ಕಟ್ಟಿನಲ್ಲಿ ಎರಡು ಬಗೆಯ ರಸೀದಿ ಸಿಗಬಹುದು: ಮೊದಲು ಗ್ರಾಮ ಪಂಚಾಯತಿನದು, ಆಮೇಲೆ ಪಟ್ಟಣ ಪಂಚಾಯತಿನದು. ಮನೆ ಅದೇ, ಬಾವಿ ಅದೇ, ಅಂಗಳದ ತೆಂಗಿನಮರವೂ ಅದೇ. ಬದಲಾದದ್ದು ಸರಕಾರ ಆ ಊರನ್ನು ಕರೆಯುವ ಹೆಸರು ಮಾತ್ರ.

ಹೆಸರಿನಲ್ಲೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ವ್ಯಾಪಾರ ನಂಬಿ ಬದುಕಿದ ಸಮುದಾಯಗಳ ಚರಿತ್ರೆಯನ್ನು ಓದುತ್ತ ಹೋದ ಹಾಗೆ, ಅದರಲ್ಲೂ ಯಹೂದಿಯರ ಸಣ್ಣ ಊರುಗಳ ಕಥೆ ಓದಿದಾಗ, ಒಂದು ಊರು ಸರಕಾರದ ಕಡತದಲ್ಲಿ ಯಾವ ದರ್ಜೆಯಲ್ಲಿದೆ ಎಂಬುದು ಅಲ್ಲಿನವರ ಹಣೆಬರಹವನ್ನೇ ಬದಲಿಸಬಲ್ಲದು ಎಂಬುದು ಮನವರಿಕೆಯಾಯಿತು. ಆ ಕಥೆ ನಮ್ಮ ಕರಾವಳಿಗೆ ಹೊರಗಿನದಲ್ಲ. ಅದು ಆರಂಭವಾಗುವುದೇ ನಮಗೆಲ್ಲ ಬಹಳ ಪರಿಚಿತವಾದ ಒಂದು ಪದದಿಂದ.

ಆ ಪದ ‘ಅಂಜುಮನ್’. ಶಿಕ್ಷಣ ಸಂಸ್ಥೆಗಳ ಹೆಸರಿನಲ್ಲಿ ದಿನವೂ ಕೇಳುವ ಈ ಪರ್ಷಿಯನ್ ಪದಕ್ಕೆ ಸಭೆ, ಸಂಘ ಎಂದರ್ಥ. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾದದ್ದು 1919ರಲ್ಲಿ. ಆದರೆ ಪದ ನಮ್ಮ ಕಡಲತೀರಕ್ಕೆ ಬಂದದ್ದು ಅದಕ್ಕಿಂತ ಸಾವಿರ ವರ್ಷ ಹಿಂದೆ. ಕೇರಳದ ಕೊಲ್ಲಂಗೆ ಸಂಬಂಧಿಸಿದ ಕ್ರಿ.ಶ. 849ರ ತಾಮ್ರಪಟವೊಂದು ಇದೆ. ಅದರಲ್ಲಿ ‘ಅಂಜುವಣ್ಣಂ’ ಎಂಬ ವ್ಯಾಪಾರಿ ಸಂಘದ ಹೆಸರಿದೆ. ಅದಕ್ಕೆ ಸಾಕ್ಷಿ ಹಾಕಿದವರು ತಮ್ಮ ತಮ್ಮ ಲಿಪಿಗಳಲ್ಲಿ ರುಜು ಮಾಡಿದ್ದಾರೆ: ಕೆಲವರು ಅರಬಿಯ ಕೂಫಿ ಲಿಪಿಯಲ್ಲಿ, ಕೆಲವರು ಪಹ್ಲವಿಯಲ್ಲಿ, ಕೆಲವರು ಹೀಬ್ರೂ ಅಕ್ಷರಗಳಲ್ಲಿ. ಮುಸ್ಲಿಮರು, ಇರಾನಿನವರು, ಯಹೂದಿಯರು ಒಂದೇ ಹಲಗೆಯ ಮೇಲೆ! ‘ಅಂಜು ವಣ್ಣಂ’ ಎಂದರೆ ಐದು ಜಾತಿ ಎಂದು ಹಿಂದೆ ಅರ್ಥ ಹೇಳುತ್ತಿದ್ದರು. ಇಂದು ವಿದ್ವಾಂಸರು ಅದನ್ನು ಪರ್ಷಿಯನ್ ಅಂಜುಮನ್ ಪದದಿಂದ ಬಂದದ್ದೆಂದು ಒಪ್ಪುತ್ತಾರೆ.

ಕ್ರಿ.ಶ. 1000ದ ಸುಮಾರಿಗೆ ಚೇರ ದೊರೆ ಭಾಸ್ಕರ ರವಿ ಇನ್ನೊಂದು ತಾಮ್ರಪಟ ಕೊಟ್ಟ. ಪಡೆದವನು ಜೋಸೆಫ್ ರಬ್ಬಾನ್ ಎಂಬ ಯಹೂದಿ ವರ್ತಕ. ದೊರೆ ಅವನಿಗೆ ಅಂಜುವಣ್ಣವನ್ನೂ ಅದರೊಂದಿಗೆ 72 ವಿಶೇಷ ಹಕ್ಕುಗಳನ್ನೂ ವಂಶಪಾರಂಪರ್ಯವಾಗಿ ಕೊಟ್ಟನು. ಸುಂಕ ವಸೂಲಿ, ಹಗಲು ದೀವಟಿಗೆ, ಪಲ್ಲಕ್ಕಿ, ಕೊಡೆ, ಭೇರಿ, ಕಹಳೆ ಎಲ್ಲವೂ ಆ ಪಟ್ಟಿಯಲ್ಲಿವೆ. ಊರಿನ ಇತರರು ಕೊಡಬೇಕಾದ ತೆರಿಗೆಯನ್ನು ಅವನು ಕೊಡಬೇಕಾಗಿಲ್ಲ. ಗಮನಿಸಿ, ಇಲ್ಲಿ ರಾಜನು ಊರಿನ ಜನಸಂಖ್ಯೆ ಎಷ್ಟು ಎಂದು ಕೇಳಲಿಲ್ಲ. ಅವನು ವ್ಯವಹರಿಸಿದ್ದು ಒಂದು ಸಮುದಾಯದೊಂದಿಗೆ, ಅದರ ಒಬ್ಬ ಯಜಮಾನನ ಮೂಲಕ.

ಇದೇ ಪದ ಉತ್ತರಕ್ಕೆ ಬಂದು ಕನ್ನಡ ಶಾಸನಗಳಲ್ಲಿ ‘ಹಂಜಮಾನ’ ಆಯಿತು. ವಿಜಯನಗರ ಕಾಲದ ಬಾರಕೂರು, ಬಸರೂರು, ಭಟ್ಕಳ, ಹೊನ್ನಾವರ ಭಾಗದ ಶಾಸನಗಳಲ್ಲಿ ನಖರ, ಹಲರು, ಸೆಟ್ಟಿಕಾರರು ಎಂಬ ಊರ ಸಂಘಗಳ ಜೊತೆ ಹಂಜಮಾನವೂ ಬರುತ್ತದೆ. ಇಲ್ಲಿ ಅದು ಮುಖ್ಯವಾಗಿ ಮುಸ್ಲಿಂ ವರ್ತಕರ ಸಂಘ. ಭಟ್ಕಳದ ಸಮೀಪದ ಕಾಯ್ಕಿಣಿಯ 15ನೆಯ ಶತಮಾನದ ಶಾಸನದಲ್ಲೂ ಹಂಜಮಾನದವರ ಉಲ್ಲೇಖವಿದೆ. ಕೊಚ್ಚಿಯಲ್ಲಿ ಯಹೂದಿಯರಿಗೆ ಸಂದ ಸ್ಥಾನ, ಹೊನ್ನಾವರ–ಭಟ್ಕಳದಲ್ಲಿ ಮುಸ್ಲಿಮರಿಗೆ ಸಂದ ಸ್ಥಾನ, ಎರಡೂ ಒಂದೇ ಪದದ ಕೆಳಗೆ ಬಂದವು ಎಂಬುದು ಸಣ್ಣ ಸಂಗತಿಯಲ್ಲ. ನಮ್ಮ ಕರಾವಳಿಗೆ ಯಹೂದಿ ವರ್ತಕರೂ ಅಪರಿಚಿತರಾಗಿರಲಿಲ್ಲ. 12ನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿ ಕಂಚಿನ ಕಾರ್ಖಾನೆ ನಡೆಸಿದ. ಅವನ ಪತ್ರಗಳು ಕೈರೋದ ಯಹೂದಿ ದೇವಾಲಯದ ಉಗ್ರಾಣದಲ್ಲಿ ಉಳಿದು ಬಂದವು.

ಹಂಜಮಾನದ ಕಾಲದಲ್ಲಿ ಊರಿನ ಆಡಳಿತ ಹೇಗಿತ್ತು? ಅದಕ್ಕೆ ಇಬ್ನ್ ಬತೂತ ನಮಗೆ ಒಂದು ಕಿಟಕಿ ತೆರೆದುಕೊಡುತ್ತಾನೆ. ಅವನು 1340ರ ದಶಕದ ಆರಂಭದಲ್ಲಿ ಹೊನ್ನಾವರಕ್ಕೆ ಬಂದ. ಅದನ್ನು ಹಿನಾವರ್ ಎಂದು ಕರೆದ. ಅಲ್ಲಿನ ಸುಲ್ತಾನ ಜಮಾಲುದ್ದೀನ್ ಒಬ್ಬ ಹಿಂದೂ ದೊರೆಯ ಅಧೀನದಲ್ಲಿದ್ದ. ಆದರೆ ಅವನ ನೌಕಾಬಲಕ್ಕೆ ಹೆದರಿ ಮಲಬಾರಿನವರು ಅವನಿಗೆ ವರ್ಷ ವರ್ಷ ಹಣ ಕೊಡುತ್ತಿದ್ದರು. ಅಂದಿನ ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇದ್ದವೆಂದು ಬತೂತ ಬರೆದಿದ್ದಾನೆ. ಇಂಥದ್ದನ್ನು ತಾನು ಬೇರೆಲ್ಲೂ ನೋಡಲಿಲ್ಲ ಎಂದೂ ಹೇಳುತ್ತಾನೆ. ನಮ್ಮ ಸಭೆಗಳಲ್ಲಿ ಈ ಅಂಕಿಗಳನ್ನು ಅಭಿಮಾನದಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಆ ಶಾಲೆಗಳಿದ್ದ ಕಾಲಕ್ಕೆ ಊರಿನಲ್ಲಿ ಪುರಸಭೆಯಿರಲಿಲ್ಲ, ಶಿಕ್ಷಣ ಇಲಾಖೆಯೂ ಇರಲಿಲ್ಲ ಎಂಬುದನ್ನು ನಾವು ಗಮನಿಸುವುದಿಲ್ಲ.

ಇದರ ಒಳಿತು ಕೆಡಕು ಎರಡನ್ನೂ ನೋಡಬೇಕು. ಸಮುದಾಯವೇ ತನ್ನ ಶಾಲೆ, ನ್ಯಾಯ, ಬಡವರ ಸಹಾಯ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ರಾಜನಿಗೆ ಬೇಕಾದದ್ದು ಸುಂಕ ಮತ್ತು ಕುದುರೆ. ಆದರೆ ತಾಮ್ರಪಟದ ಬೆಲೆ ಅದನ್ನು ಕೊಟ್ಟ ರಾಜನಿರುವ ತನಕ ಮಾತ್ರ. ಸಮುದ್ರದ ಮೇಲೆ ಪೋರ್ಚುಗೀಸರ ಅಧಿಕಾರ ಬಂದ ಮೇಲೆ ಭಟ್ಕಳ ಅವರಿಗೆ ಅಕ್ಕಿಯ ಕಪ್ಪ ಕೊಡಬೇಕಾಯಿತು. 1542ರಲ್ಲಿ ಅವರು ಊರನ್ನೇ ಕೊಳ್ಳೆ ಹೊಡೆದು ಸುಟ್ಟರು. ಗೇರುಸೊಪ್ಪೆ ಹೋಯಿತು, ಕೆಳದಿ ಬಂತು, ಹೈದರ್ ಟೀಪು ಬಂದರು. 1799ರಲ್ಲಿ ಕೆನರಾ ಕಂಪನಿ ಸರಕಾರದ ಕೈಗೆ ಬಂದಿತು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಹಾದಿಯಲ್ಲಿ ಬಂದಾಗ ಭಟ್ಕಳದಲ್ಲಿ ಸುಮಾರು 500 ಮನೆಗಳಿದ್ದವು. ಎರಡು ಮಸೀದಿಗಳಿಗೆ ಕಂಪನಿ ಸರಕಾರದಿಂದ ವರ್ಷಾಶನ ಸಲ್ಲುತ್ತಿತ್ತು. ಮುಸ್ಲಿಮರು ಊರಿನ ಒಂದು ಭಾಗದಲ್ಲಿ ತಾವೇ ಇದ್ದರು. ಅವರಲ್ಲಿ ಹಲವರು ಅನುಕೂಲಸ್ಥರು. ವ್ಯಾಪಾರಕ್ಕಾಗಿ ಕರಾವಳಿಯ ಬೇರೆ ಬೇರೆ ಕಡೆ ಹೋಗುತ್ತಾರೆ, ಆದರೆ ಮನೆ ಇಲ್ಲಿ, ಹೆಂಡಿರು ಮಕ್ಕಳನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆ ಎಂಬ ಅರ್ಥದಲ್ಲಿ ಬುಕಾನನ್ ಬರೆದುಕೊಂಡಿದ್ದಾನೆ. ಇದನ್ನು ಓದಿದಾಗ ನನಗೆ ನಗು ಬಂತು. ಎರಡು ಶತಮಾನಗಳ ನಂತರವೂ ಅದೇ ಮಾತು. ಕರಾವಳಿಯ ಜಾಗದಲ್ಲಿ ದುಬೈ, ರಿಯಾದ್ ಎಂದು ಹಾಕಿಕೊಂಡರಾಯಿತು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬ್ರಿಟಿಷರು ಊರನ್ನು ನೋಡಿದ ರೀತಿಯೇ ಬೇರೆ. ಅವರಿಗೆ ಹಂಜಮಾನ ಬೇಡ, ತಲೆ ಎಣಿಕೆ ಬೇಕು. ಕೆನರಾವನ್ನು ಎರಡು ಭಾಗ ಮಾಡಿ 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹಾಗಾಗಿ ನಮಗೆ ಅನ್ವಯಿಸಿದ್ದು ಮುಂಬಯಿಯ ಕಾನೂನು. 1873ರ ಜಿಲ್ಲಾ ಮುನಿಸಿಪಲ್ ಕಾಯ್ದೆಯಲ್ಲಿ ದರ್ಜೆಗಳು ಎರಡು: 10 ಸಾವಿರ ಜನ ಇದ್ದರೆ ನಗರ ಮುನಿಸಿಪಾಲಿಟಿ, 2 ಸಾವಿರ ಇದ್ದರೆ ಪಟ್ಟಣ ಮುನಿಸಿಪಾಲಿಟಿ. 1882ರ ರಿಪ್ಪನ್ ನಿರ್ಣಯದ ನಂತರ 1884ರ ಕಾಯ್ದೆ ಬಂದು ಚುನಾಯಿತ ಸದಸ್ಯರಿಗೆ ಹೆಚ್ಚು ಜಾಗ ಸಿಕ್ಕಿತು.

ಆಗ ನಮ್ಮ ಮೂರು ಊರುಗಳಲ್ಲಿ ಮೇಲುಗೈ ಕುಮಟಾದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿತು. ಹತ್ತಿ ಬೆಳೆದದ್ದು ಎಲ್ಲೋ, ಆದರೆ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಆ ವೈಭವ ಇಳಿಯಿತು. ಆದರೂ 1901ರ ಜನಗಣತಿಯಲ್ಲಿ ಕುಮಟಾದ ಜನಸಂಖ್ಯೆ 10 ಸಾವಿರ ಮೀರಿತ್ತು. ಭಟ್ಕಳ, ಹೊನ್ನಾವರ ಎರಡೂ 7 ಸಾವಿರದ ಆಸುಪಾಸು. ಭಟ್ಕಳ ಆಗ ತಾಲೂಕು ಕೂಡ ಅಲ್ಲ, ಹೊನ್ನಾವರ ತಾಲೂಕಿನೊಳಗಿನ ಒಂದು ಪೇಟಾ. ಈಗ ಭಟ್ಕಳವೇ ಉಪವಿಭಾಗದ ಕೇಂದ್ರ. ಹೊನ್ನಾವರದವರು ಜಮೀನಿನ ಮೇಲ್ಮನವಿ ಹಿಡಿದು ಭಟ್ಕಳದ ಸಹಾಯಕ ಆಯುಕ್ತರ ಕಚೇರಿಗೆ ಬರಬೇಕು. ಹೊನ್ನಾವರದ ಮಿತ್ರರು ಇದನ್ನು ಓದಿ ಬೇಸರಿಸಬಾರದು.

ತಲೆ ಎಣಿಸಿ ಊರಿಗೆ ದರ್ಜೆ ಕೊಡುವುದು ನ್ಯಾಯವಾಗಿಯೇ ಕಾಣುತ್ತದೆ. ಯಾವ ಸಮುದಾಯ ಎಂದು ಕೇಳುವುದಿಲ್ಲ, ಎಷ್ಟು ಜನ ಎಂದಷ್ಟೇ ಕೇಳುತ್ತದೆ. ಆದರೆ ಊರಿನ ದರ್ಜೆಯನ್ನು ಒಂದು ಸಮುದಾಯದ ಮೇಲಿನ ಆಯುಧವಾಗಿ ಬಳಸಿದರೆ ಏನಾಗುತ್ತದೆ? ಅದಕ್ಕೆ ರಷ್ಯಾದ ಯಹೂದಿ ಊರುಗಳೇ ಸಾಕ್ಷಿ.

ಪೂರ್ವ ಯುರೋಪಿನ ಯಹೂದಿಯರ ಯಿದ್ದಿಷ್ ಭಾಷೆಯಲ್ಲಿ ಸಣ್ಣ ಊರಿಗೆ ‘ಶ್ಟೆಟ್ಲ್’ ಎನ್ನುತ್ತಾರೆ. ಸಂತೆಯ ಮೈದಾನ, ಸುತ್ತ ಅಂಗಡಿಗಳು, ಒಂದು ಪ್ರಾರ್ಥನಾಲಯ, ಒಂದು ಪಾಠಶಾಲೆ. ಸುತ್ತಲ ಹಳ್ಳಿಯ ರೈತರು ಬಂದು ಧಾನ್ಯ ಮಾರಿ ಉಪ್ಪು ಬಟ್ಟೆ ಕೊಳ್ಳುವ ಜಾಗ. ನಮ್ಮ ವಾರದ ಸಂತೆಯನ್ನು ಕಂಡವರಿಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಪೋಲೆಂಡ್–ಲಿಥುವೇನಿಯಾ ರಾಜ್ಯದ ಕಾಲದಲ್ಲಿ ಇಂಥ ಊರುಗಳಲ್ಲಿ ಹಲವು ದೊಡ್ಡ ಜಮೀನುದಾರರ ಸ್ವಂತದ್ದಾಗಿದ್ದವು. ಯಹೂದಿಯರ ಒಳಾಡಳಿತವನ್ನು ‘ಕಹಲ್’ ಎಂಬ ಹಿರಿಯರ ಸಮಿತಿ ನಡೆಸುತ್ತಿತ್ತು. ತೆರಿಗೆ ಒಟ್ಟು ಮಾಡಿ ಕೊಡುವುದೂ ಅದರದೇ ಜವಾಬ್ದಾರಿ. ಕಹಲ್ ಎಂದರೆ ನಮ್ಮ ಜಮಾಅತಿನ ಹಾಗೆ ಎಂದು ತಿಳಿದರೆ ತೀರ ತಪ್ಪಾಗದು. 18ನೆಯ ಶತಮಾನದ ಕೊನೆಯಲ್ಲಿ ಪೋಲೆಂಡ್ ಹರಿದು ಹಂಚಿಹೋದಾಗ ಇವುಗಳಲ್ಲಿ ಬಹುಪಾಲು ರಷ್ಯಾಕ್ಕೆ ಬಂದವು. 1844ರಲ್ಲಿ ಜಾರ್ ಸರಕಾರ ಕಹಲ್‌ಗಳನ್ನು ರದ್ದು ಮಾಡಿತು.

ರಷ್ಯನ್ ಕಾನೂನಿನಲ್ಲಿ ಊರುಗಳ ದರ್ಜೆ ಮೂರು ಎನ್ನಬಹುದು: ನಗರ, ಹಳ್ಳಿ, ಇವೆರಡರ ನಡುವೆ ‘ಮೆಸ್ತೆಚ್ಕೊ’ ಅಂದರೆ ಸಣ್ಣ ಪಟ್ಟಣ. 1882ರ ಮೇ ತಿಂಗಳಲ್ಲಿ ಒಂದು ತಾತ್ಕಾಲಿಕ ನಿಯಮ ಬಂತು. ಯಹೂದಿಯರಿಗೆ ವಾಸಕ್ಕೆ ಗೊತ್ತುಮಾಡಿದ್ದ ಪ್ರಾಂತಗಳಲ್ಲಿಯೂ ಇನ್ನು ಮುಂದೆ ಅವರು ನಗರ ಮತ್ತು ಮೆಸ್ತೆಚ್ಕೊಗಳ ಹೊರಗೆ ಹೊಸದಾಗಿ ನೆಲೆಸುವಂತಿಲ್ಲ. ಹೆಸರಿಗೆ ತಾತ್ಕಾಲಿಕ, ಜಾರಿಯಲ್ಲಿದ್ದದ್ದು 1917ರ ಕ್ರಾಂತಿಯ ತನಕ. ಅಂದರೆ ನಿಮ್ಮ ಊರು ಕಡತದಲ್ಲಿ ಮೆಸ್ತೆಚ್ಕೊ ಆಗಿದ್ದರೆ ನೀವು ಅಲ್ಲಿ ಮನೆ ಮಾಡಬಹುದು. ಹಳ್ಳಿ ಆಗಿದ್ದರೆ ಮಾಡುವಂತಿಲ್ಲ.

ಆಮೇಲೆ ನಡೆದದ್ದೇ ಈ ಇತಿಹಾಸದ ನೋವಿನ ಭಾಗ. ಹಲವು ಪ್ರಾಂತೀಯ ಆಡಳಿತಗಳು ತಮ್ಮ ವ್ಯಾಪ್ತಿಯ ಮೆಸ್ತೆಚ್ಕೊಗಳನ್ನು ‘ಇದು ನಿಜವಾಗಿ ಹಳ್ಳಿ’ ಎಂದು ಮತ್ತೆ ವರ್ಗೀಕರಿಸತೊಡಗಿದವು. ಸಂತೆ ಅಲ್ಲೇ, ಅಂಗಡಿ ಅಲ್ಲೇ, ಜನ ತಲೆಮಾರುಗಳಿಂದ ಅಲ್ಲೇ. ಒಂದು ಆದೇಶದಿಂದ ಊರು ಹಳ್ಳಿಯಾಯಿತು, ಅಲ್ಲಿಗೆ ಹೊಸದಾಗಿ ಬಂದ ಯಹೂದಿಯ ವಾಸ ಕಾನೂನುಬಾಹಿರವಾಯಿತು. ಮೊದಲಿನಿಂದ ಇದ್ದವರಿಗೆ ಇರಲು ಅವಕಾಶವಿತ್ತು ನಿಜ, ಆದರೆ ಹಬ್ಬಕ್ಕೆಂದು ನಾಲ್ಕು ದಿನ ಪಕ್ಕದ ಊರಿಗೆ ಹೋಗಿ ಬಂದವನನ್ನೂ ಕೆಲವೆಡೆ ‘ಹೊಸದಾಗಿ ನೆಲೆಸಲು ಬಂದವನು’ ಎಂದು ಅಧಿಕಾರಿಗಳು ತಡೆದರು. ಜನ ರಾಜಧಾನಿಯ ಸೆನೆಟ್‌ವರೆಗೆ ಮೇಲ್ಮನವಿ ಒಯ್ದರು. ತಮ್ಮ ಊರು ಊರೇ ಎಂದು ಸಾಬೀತು ಮಾಡಲು ಅವರಿಗೆ ಬೇಕಾಗಿದ್ದದ್ದು ಹಳೆಯ ಕಾಗದ: ಸಂತೆಯ ಪರವಾನಗಿ, ತೆರಿಗೆಯ ದಾಖಲೆ. 1903ರಲ್ಲಿ ಸರಕಾರ ಪಟ್ಟಣದ ಸ್ವರೂಪ ಪಡೆದಿದ್ದ 101 ಹಳ್ಳಿಗಳನ್ನು ಯಹೂದಿಯರ ವಾಸಕ್ಕೆ ತೆರೆಯಿತು. ಆ 101ರಲ್ಲಿ ತಮ್ಮ ಊರಿನ ಹೆಸರಿದೆಯೇ ಎಂದು ಎಷ್ಟು ಮನೆಗಳಲ್ಲಿ ಹುಡುಕಿರಬೇಕು, ನೀವೇ ಊಹಿಸಿ. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯ ಆ ಊರುಗಳ ಯಹೂದಿಯರನ್ನು ಕೊಂದು ಹಾಕಿತು. ಊರುಗಳು ನಕ್ಷೆಯಲ್ಲಿವೆ, ಜನರಿಲ್ಲ.

ನಮ್ಮ ಕಡೆಯ ಯಹೂದಿ ಊರುಗಳ ಅಂತ್ಯ ಹಾಗೆ ಆಗಲಿಲ್ಲ ಎಂಬುದು ಸಮಾಧಾನದ ವಿಷಯ. ಕೊಚ್ಚಿ ಸೀಮೆಯ ಯಹೂದಿಯರು ಸಂಖ್ಯೆಯಲ್ಲಿ ಎರಡು ಸಾವಿರ ಚಿಲ್ಲರೆ. 1950ರ ದಶಕದಲ್ಲಿ ಹೆಚ್ಚಿನವರು ತಾವಾಗಿಯೇ ಇಸ್ರೇಲಿಗೆ ಹೋದರು. ತ್ರಿಶೂರು ಜಿಲ್ಲೆಯ ಮಾಳ ಎಂಬಲ್ಲಿನ ಯಹೂದಿಯರು 1955ರಲ್ಲಿ ಹೊರಡುವ ಮುನ್ನ ತಮ್ಮ ಪ್ರಾರ್ಥನಾಲಯವನ್ನೂ ಸ್ಮಶಾನವನ್ನೂ ಸ್ಥಳೀಯ ಪಂಚಾಯತಿಗೆ ಬರೆದುಕೊಟ್ಟರು. ರಾಜನಿಂದ ತಾಮ್ರಪಟ ಪಡೆದ ಸಮುದಾಯ ಕೊನೆಗೆ ಕೀಲಿಕೈ ಕೊಟ್ಟದ್ದು ಗ್ರಾಮ ಪಂಚಾಯತಿಗೆ! ಮಟ್ಟಾಂಚೇರಿಯ ‘ಜ್ಯೂ ಟೌನ್’ ಮಟ್ಟಾಂಚೇರಿ ಪುರಸಭೆಯೊಂದಿಗೆ 1967ರಲ್ಲಿ ಕೊಚ್ಚಿ ಮಹಾನಗರಪಾಲಿಕೆಯಲ್ಲಿ ಸೇರಿಹೋಯಿತು. ಇಸ್ರೇಲಿಗೆ ಹೋದವರು ನೆವಾತಿಂ, ಮೆಸಿಲಾತ್ ಜಿಯೋನ್ ಮುಂತಾದ ಸಹಕಾರಿ ಹಳ್ಳಿಗಳಲ್ಲಿ ನೆಲೆಸಿದರು. ಅಲ್ಲಿನ ಪದ್ಧತಿಯಲ್ಲಿ ಇಂಥ ಸಣ್ಣ ಹಳ್ಳಿಗಳಿಗೆ ಸ್ವಂತ ಪುರಸಭೆಯಿಲ್ಲ. ಹತ್ತಾರು ಹಳ್ಳಿಗಳನ್ನು ಸೇರಿಸಿ ಒಂದು ‘ಪ್ರಾದೇಶಿಕ ಮಂಡಳಿ’. ದೊಡ್ಡದಾದರೆ ‘ಸ್ಥಳೀಯ ಮಂಡಳಿ’, ಸುಮಾರು 20 ಸಾವಿರ ದಾಟಿದರೆ ‘ನಗರಸಭೆ’. ಅದೇ ನೆವಾತಿಂ ಇರುವ ನೆಗೆವ್ ಪ್ರದೇಶದಲ್ಲಿ ಅರಬ್ ಬೆದುಯಿನರ ಹತ್ತಾರು ಹಳ್ಳಿಗಳಿಗೆ ಸರಕಾರದ ಮಾನ್ಯತೆಯೇ ಇಲ್ಲ. ದರ್ಜೆ ಇಲ್ಲದ್ದರಿಂದ ಅಲ್ಲಿ ಕೊಳಾಯಿಗೂ ವಿದ್ಯುತ್ತಿಗೂ ಪರದಾಟ.

20 ಸಾವಿರ ಎಂಬ ಅಂಕಿ ನಮಗೂ ಹೊಸದಲ್ಲ. ನಮ್ಮ ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ 243-ಕ್ಯೂ ವಿಧಿ ಊರಿಗೆ ದರ್ಜೆ ಕೊಡುವಾಗ ನೋಡಬೇಕಾದ್ದನ್ನು ಹೇಳುತ್ತದೆ: ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆದಾಯ, ಕೃಷಿಯಲ್ಲದ ಕಸುಬಿನವರ ಪ್ರಮಾಣ, ಆರ್ಥಿಕ ಮಹತ್ವ. ಈ ಪಟ್ಟಿಯಲ್ಲಿ ಧರ್ಮವಿಲ್ಲ, ಜಾತಿಯಿಲ್ಲ. ಆದ್ದರಿಂದ ನಮ್ಮ ಸ್ಥಿತಿಯನ್ನು ಜಾರನ ರಷ್ಯಾದೊಂದಿಗೆ ಹೋಲಿಸುವುದು ಸರಿಯಲ್ಲ, ನಾನೂ ಹೋಲಿಸುತ್ತಿಲ್ಲ. 1964ರ ಪುರಸಭೆಗಳ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ ಕರ್ನಾಟಕದಲ್ಲಿ 10ರಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯತ್, 20ರಿಂದ 50 ಸಾವಿರಕ್ಕೆ ಪುರಸಭೆ, ಅದರ ಮೇಲೆ 3 ಲಕ್ಷದವರೆಗೆ ನಗರಸಭೆ ಎಂದಾಯಿತು.

2011ರ ಜನಗಣತಿಯಲ್ಲಿ ಭಟ್ಕಳ ಪುರಸಭೆಯ ಜನಸಂಖ್ಯೆ ಸುಮಾರು 32 ಸಾವಿರ, ಕುಮಟಾ ಸುಮಾರು 29 ಸಾವಿರ, ಹೊನ್ನಾವರ ಸುಮಾರು 19 ಸಾವಿರ. ಹೊನ್ನಾವರಕ್ಕೆ ಪುರಸಭೆಯ ದರ್ಜೆ ತಪ್ಪಿಸಿದ್ದು ಒಂದು ಸಾವಿರದಷ್ಟು ತಲೆಗಳು. ಭಟ್ಕಳದ್ದು ಇನ್ನೂ ವಿಚಿತ್ರ. 2001ರಲ್ಲೂ ಅದರ ಜನಸಂಖ್ಯೆ ಸುಮಾರು 32 ಸಾವಿರವೇ! ಹತ್ತು ವರ್ಷದಲ್ಲಿ ಊರು ಬೆಳೆಯಲಿಲ್ಲವೇ? ಬೆಳೆಯಿತು, ಆದರೆ ಪುರಸಭೆಯ ಗಡಿಯ ಆಚೆಗೆ. ಹೊಸ ಮನೆ ಕಟ್ಟಿದವರು ಜಾಲಿಯ ಕಡೆಗೂ ಇತರ ಪಂಚಾಯತ್‌ಗಳ ಕಡೆಗೂ ಸರಿದರು. ಪೇಟೆ ಒಂದೇ, ಚರಂಡಿ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಆದರೆ ಕಚೇರಿಗಳು ಬೇರೆ ಬೇರೆ. ಇವನ್ನೆಲ್ಲ ಸೇರಿಸಿ ಭಟ್ಕಳವನ್ನು ನಗರಸಭೆ ಮಾಡಬೇಕೆಂಬ ಮಾತು ಕೇಳಿಬಂದದ್ದು ಈ ಕಾರಣಕ್ಕೆ. ಹೊನ್ನಾವರ ತಾಲೂಕಿನ ಮಂಕಿಯೂ ಗ್ರಾಮದ ದರ್ಜೆ ಬಿಟ್ಟು ಪಟ್ಟಣ ಪಂಚಾಯತ್ ಆಯಿತು.

ದರ್ಜೆ ಏರಿದರೆ ಲಾಭವೇ ಎಂದು ತಿಳಿಯಬೇಡಿ. ಗ್ರಾಮ ಪಂಚಾಯತ್ ಹೋದ ಕೂಡಲೇ ಬಡ ಕೂಲಿಯವನ ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸವೂ ಹೋಗುತ್ತದೆ. ಮನೆಯ ದಾಖಲೆ ನಮೂನೆ 9 ಮತ್ತು 11ರಿಂದ ನಮೂನೆ 3ಕ್ಕೆ ಬದಲಾಗಬೇಕು. ಬ್ಯಾಂಕ್ ಸಾಲ ಬೇಕಾದವರಿಗೆ ಇದರ ಅಲೆದಾಟ ಚೆನ್ನಾಗಿ ಗೊತ್ತು. ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯಿಲ್ಲ, ಪಟ್ಟಣದಲ್ಲಿ ಇದೆ. ಇನ್ನೊಂದು ಕಡೆ ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿಗೆ ನಗರ ಯೋಜನೆಗಳ ಅನುದಾನ ಬರುವುದು ಪಟ್ಟಣ ಎನಿಸಿಕೊಂಡ ಊರಿಗೇ. ಅಂಗಡಿಯವನಿಗೆ ಒಂದು ಬೇಕು, ಕೂಲಿಯವನಿಗೆ ಇನ್ನೊಂದು. ನಮ್ಮ ಸಭೆಗಳಲ್ಲಿ ಮಾತನಾಡುವವರು ಹೆಚ್ಚಾಗಿ ಅಂಗಡಿಯವರೇ ಎಂಬುದನ್ನೂ ಹೇಳಿಬಿಡುತ್ತೇನೆ.

ಈಗ ಬುಕಾನನ್ ಹೇಳಿದ ಸಂಗತಿಗೆ ಬರೋಣ. ಹಂಜಮಾನದ ಕಾಲದಲ್ಲಿ ವರ್ತಕ ಹೊರಗೆ ಹೋದಷ್ಟೂ ಊರಿನ ತೂಕ ಹೆಚ್ಚುತ್ತಿತ್ತು. ಅವನು ತರುವ ಸರಕಿನಿಂದಲೇ ರಾಜನಿಗೆ ಸುಂಕ. ತಲೆ ಎಣಿಕೆಯ ಕಾಲದಲ್ಲಿ ಹೊರಗೆ ಹೋದವನು ಲೆಕ್ಕದಲ್ಲೇ ಇಲ್ಲ. ಎಣಿಕೆಯ ಅವಧಿಯುದ್ದಕ್ಕೂ ವಿದೇಶದಲ್ಲಿರುವವನು ನಮ್ಮ ಜನಗಣತಿಯಲ್ಲಿ ಸೇರುವುದಿಲ್ಲ. ಅವನು ಕಳಿಸಿದ ಹಣದಿಂದ ಕಟ್ಟಿದ ಮನೆಗೆ ನೀರು ಬೇಕು, ದೀಪ ಬೇಕು, ಅದರ ತೆರಿಗೆಯೂ ಸಂದಾಯವಾಗುತ್ತದೆ. ಆದರೆ ವಾರ್ಡು ಗಡಿ, ಊರಿನ ದರ್ಜೆ, ಅನುದಾನ ಇವೆಲ್ಲಕ್ಕೂ ಆಧಾರವಾಗುವ ಅಂಕಿಯಲ್ಲಿ ಅವನಿಲ್ಲ. 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡು ಎಣಿಕೆ ಎಂದು ಕೇಂದ್ರ ಸರಕಾರ 2025ರಲ್ಲಿ ಪ್ರಕಟಿಸಿತು.

ಎಣಿಕೆಯವರು ಬರುವಾಗ ಮನೆಯಲ್ಲಿ ಯಾರಾದರೂ ಇರಲಿ. ವೃದ್ಧ ತಾಯಿ, ಸೊಸೆ, ಮೂರು ಮಕ್ಕಳು ಇದ್ದರೆ ಐದು ಎಂದು ಬರೆಯುತ್ತಾರೆ. ಇಡೀ ಸಂಸಾರ ಗಲ್ಫಿಗೆ ಹೋಗಿ ಬೀಗ ಬಿದ್ದಿದ್ದರೆ ಮನೆಗೆ ಒಂದು ಸಂಖ್ಯೆ ಬೀಳುತ್ತದೆ, ಜನರ ಅಂಕಣದಲ್ಲಿ ಸೊನ್ನೆ.